ಮೇಜಿನ ಮೇಲಿನ ಅಘೋರೇಶ್ವರ

ನಮ್ಮನೆಯಲ್ಲಿ ಆರು ಜನ ಕೂತು ಉಣ್ಣುವಂಥ ಮೇಜು ಇದೆ. ಉಣ್ಣೋದಕ್ಕೆ ಮಾತ್ರ ಸಿಗೋದಿಲ್ಲ. ನನ್ನ ಗಂಡ ಗಿರಿಧರ ಸಾಗರದ ತಾಲ್ಲೂಕು ಕಚೇರಿಯಲ್ಲಿ ಸರ್ವೆಯರ್. ಹಗಲೆಲ್ಲ ಊರವರ ಜಮೀನು ಅಳೆದು, ಅಣ್ಣತಮ್ಮಂದಿರ ಬೇಲಿ ಜಗಳ ಕೇಳಿ, ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಆ ಮೇಜಿನ ಮುಂದೆ ಕೂತರೆ ಮುಗೀತು. ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಕಟ್ಟಡ ಕಟ್ಟುತ್ತಾರೆ. ಮಕ್ಕಳು ಆಡ್ತಾರಲ್ಲ, ಒಂದರ ತಲೆಗೊಂದು ಚಿಟಕ್ ಅಂತ ಕೂರುತ್ತಲ್ಲ, ಅದೇ. ಮಗಳು ಸಿಂಚನಾ ಚಿಕ್ಕವಳಿದ್ದಾಗ ತಂದುಕೊಟ್ಟಿದ್ದು. ಅವಳು ಬಿಟ್ಟಳು, ಇವರು ಹಿಡಿದರು.

ಹಂಗಂತ ಕಟ್ಟಿದ್ದು ಒಂದೂ ಮನೆಯಲ್ಲಿ ಉಳಿದಿಲ್ಲ. ಇರೋದು ಎರಡು ಬಕೆಟ್ ಇಟ್ಟಿಗೆ. ಕಟ್ಟೋದು, ಫೋಟೊ ಹೊಡೆಯೋದು, ಬಿಚ್ಚೋದು, ಮುಂದಿನದು ಅದರಲ್ಲೇ. ತಾಜ್ ಮಹಲ್ ಬಿಚ್ಚಿ ಗೋಳಗುಮ್ಮಟ ಆಯ್ತು, ಗೋಳಗುಮ್ಮಟ ಬಿಚ್ಚಿ ವಿಧಾನಸೌಧ ಆಯ್ತು. ಐಫೆಲ್ ಟವರಿನ ನಾಲ್ಕು ಕಾಲಿನ ನಡುವೆ ಉಪ್ಪಿನಕಾಯಿ ಭರಣಿ ಇಟ್ಟುಕೊಂಡು ಉಂಡವರು ನಾವು. ಬೈದು ಬೈದು ನನಗೇ ಸಾಕಾಗಿ ಸುಮ್ಮನಾಗಿದ್ದೆ. ಕುಡಿಯೋದಿಲ್ಲ, ಇಸ್ಪೀಟಾಡೋದಿಲ್ಲ, ಆಡಿಕೊಳ್ಳಲಿ ಬಿಡು ಅಂತ.

ಈ ಸಲ ಕಟ್ಟೋಕೆ ಹೊರಟಿದ್ದು ಇಕ್ಕೇರಿ ದೇವಸ್ಥಾನ. ಅದಕ್ಕೆ ಕಾರಣ ನಮ್ಮತ್ತೆ ಅನ್ನಪೂರ್ಣೇಶ್ವರಿ. ಅವರ ತವರು ಇಕ್ಕೇರಿ. ಮದುವೆಯಾಗಿ ಸಾಗರಕ್ಕೆ ಬಂದ ಮೇಲೂ ಸೋಮವಾರ ಅಂದರೆ ಸೋಮವಾರ, ಅಘೋರೇಶ್ವರನ ಮುಂದೆ ಹಾಜರಿ ಹಾಕದೆ ಮಧ್ಯಾಹ್ನ ಬಾಯಿಗೆ ಅನ್ನ ಇಟ್ಟವರಲ್ಲ. ಅಂಥವರು ಸಂಕ್ರಾಂತಿ ಮುಗಿದ ವಾರ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಷನ್ ಆಯ್ತು. ಚೆನ್ನಾಗೇ ಆಯ್ತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನೋಡಿಯಮ್ಮ, ಕೀಲು ಸರಿಯಾಗಿದೆ. ಆದರೆ ಈಗ ಎದ್ದು ಓಡಾಡದಿದ್ರೆ ಆಮೇಲೆ ಓಡಾಡೋ ಮಾತೇ ಇಲ್ಲ" ಅಂದಿದ್ದರು.

ಅತ್ತೆ ಏಳಲಿಲ್ಲ. ನೋವು ಅಂತಲ್ಲ, ಹೆದರಿಕೆ. ಮನೆಗೆ ಬಂದು ನಡೆಸೋ ಫಿಸಿಯೋಥೆರಪಿ ಹುಡುಗಿ ರಕ್ಷಾ ವಾಕರ್ ತಂದು ಮಂಚದ ಪಕ್ಕ ಇಟ್ಟು, "ಅಜ್ಜಿ, ನಾಲ್ಕೇ ನಾಲ್ಕು ಹೆಜ್ಜೆ" ಅಂತ ಗೋಗರೆಯೋಳು.

"ನಾಳೆ ನೋಡನ ತಂಗಿ. ಇವತ್ತು ಎನಗೆ ಆಗ್ತಿಲ್ಲೆ."

"ನಿನ್ನೆನೂ ನಾಳೆ ಅಂದಿದ್ರಿ."

"ಬಿದ್ದದ್ದು ಆನು. ನೀನಲ್ಲ."

ಅತ್ತೆ ಮಾತಾಡೋದು ಹವ್ಯಕರ ಮನೆಮಾತು; ‘ಆನು’ ಅಂದರೆ ನಾನು, ‘ಆಯಿ’ ಅಂದರೆ ಅಮ್ಮ, ‘ಹೇಳಿ’ ಅಂದರೆ ‘ಅಂತ’. ನಾನು ತೀರ್ಥಹಳ್ಳಿ ಕಡೆಯವಳು. ಇಷ್ಟು ವರ್ಷದಲ್ಲಿ ಅದು ಪೂರ್ತಿ ತಿಳಿಯುತ್ತೆ, ಆಡೋಕೆ ಬರೋದಿಲ್ಲ. ಆಡಿದರೆ ಅತ್ತೆ ಬಿದ್ದು ಬಿದ್ದು ನಗೋರು. ಈಗ ನಗೋದೂ ನಿಂತಿತ್ತು. ಮಲಗಿದಲ್ಲೇ ಗಂಜಿ, ಮಲಗಿದಲ್ಲೇ ಎಲ್ಲಾ. ನಾನು ಕೆಲಸ ಮಾಡೋದು ಸೊಸೈಟಿ ಬ್ಯಾಂಕಿನ ಕೌಂಟರಿನಲ್ಲಿ. ರಜೆ ಎಲ್ಲ ಮುಗಿಸಿ, ಬೆಳಿಗ್ಗೆ ಅವರನ್ನ ಎತ್ತಿ ಒರೆಸಿ ಮಲಗಿಸಿ ಓಡೋದು, ಮಧ್ಯಾಹ್ನ ಓಡಿ ಬರೋದು. ನನ್ನ ಸೊಂಟವೇ ಹೋಗೋ ಹಾಗಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಮನೆಯೆಲ್ಲ ಸುತ್ತಿ ನನ್ನ ಸಾರಿಗೆ ಉಪ್ಪು ಕಮ್ಮಿ, ನನ್ನ ರಂಗೋಲಿ ಸೊಟ್ಟ ಅನ್ನುತ್ತಿದ್ದ ಹೆಂಗಸು ಸೂರು ನೋಡುತ್ತಾ ಮಲಗಿದ್ದನ್ನ ನೋಡೋಕಾಗುತ್ತಿರಲಿಲ್ಲ.

"ಅಮ್ಮ ಇಕ್ಕೇರಿಗೆ ಹೋಗಲ್ಲ ಅಂದ್ರೆ ಇಕ್ಕೇರಿನೇ ಇಲ್ಲಿಗೆ ತರೋಣ" ಅಂದರು ಇವರು. ಭಾನುವಾರ ಭಾನುವಾರ ಹೋಗಿ ಫೋಟೊ ಹೊಡೆದು, ಕಣ್ಣಳತೆ ಸಾಲದೆ ಟೇಪು ಹಿಡಿದು, ಬೂದುಬಣ್ಣದ ಇಟ್ಟಿಗೆ ಇನ್ನೊಂದಷ್ಟು ತರಿಸಿ ಶುರು ಮಾಡಿದರು. ಅತ್ತೆಯ ಕೋಣೆಯ ಬಾಗಿಲು ತೆಗೆದರೆ ಮಂಚದಿಂದ ಮೇಜು ನೇರ ಕಾಣುತ್ತೆ.

"ಪ್ಲಾಸ್ಟಿಕ್ ದೇವಸ್ಥಾನ" ಅಂದು ಅತ್ತೆ ಗೋಡೆ ಕಡೆ ಮಗ್ಗುಲಾದರು. ಇವರ ಮುಖ ಸಣ್ಣಗಾಯ್ತು. ಪಾಪ ಅನ್ನಿಸಿತು ನನಗೆ, ಆದರೂ "ಅದರ ಬದಲು ಅವರನ್ನ ಹಿಡಿದು ನಾಲ್ಕು ಹೆಜ್ಜೆ ನಡೆಸಿ ಅಂದ್ರೆ ಆಗಲ್ಲ ನಿಮಗೆ" ಅಂತ ಅಂದೇ ಬಿಟ್ಟೆ.

*

ಗೋಡೆ ಎದ್ದಿತ್ತು, ಶಿಖರ ಇನ್ನೂ ಆಗಿರಲಿಲ್ಲ. ಮುಂದೆ ನಂದಿಮಂಟಪ ಮಾಡಿ ಅಂಗೈಯಷ್ಟು ದೊಡ್ಡ ನಂದಿಯನ್ನೂ ಕೂರಿಸಿದ್ದರು ಇವರು. ಒಂದು ಮಧ್ಯಾಹ್ನ ನಾನು ಊಟಕ್ಕೆ ಅಂತ ಮನೆಗೆ ಬಂದು ಬಾಗಿಲು ತೆಗೀತೀನಿ, ಅತ್ತೆ ಮೇಜಿನ ಮುಂದೆ ನಿಂತಿದ್ದಾರೆ! ಒಂದು ಕೈ ವಾಕರ್ ಮೇಲೆ, ಇನ್ನೊಂದು ಕೈ ನಂದಿ ಮೇಲೆ. ಕಾಲು ಗಡಗಡ ನಡುಗುತ್ತಿದೆ.

"ಅತ್ತೆ!"

"ಕಿರುಚಡ. ಆನು ಬಿದ್ದು ಹೋಗ್ತಿ."

"ಯಾರು ಎಬ್ಬಿಸಿದ್ರು ನಿಮ್ಮನ್ನ?"

"ಯಾರು ಎಬ್ಬಿಸ್ತ? ನಿನ್ನ ಗಂಡ ನಂದಿನ ದೇವ್ರಿಗೆ ಬೆನ್ನು ಹಾಕಿ ಕೂರ್ಸಿದ್ದ. ಬೆಳಿಗ್ಗಿಂದ ನೋಡಿದಿ ನೋಡಿದಿ, ತಡಕಂಬಲೆ ಆಜಿಲ್ಲೆ. ಸರ್ವೆಯರ್ ಅಡ ಸರ್ವೆಯರ್! ದಿಕ್ಕು ಗೊತ್ತಿಲ್ಲೆ."

ಆಗಿದ್ದಿಷ್ಟು. ಫೋಟೊದಲ್ಲಿ ನಂದಿಯ ಮುಖ ಬರಲಿ ಅಂತ ಇವರು ಅದನ್ನ ಈಚೆ ತಿರುಗಿಸಿ, ಹಾಗೇ ಬಿಟ್ಟು ಆಫೀಸಿಗೆ ಹೋಗಿದ್ದರು. ಶಿವನಿಗೆ ಬೆನ್ನು ಹಾಕಿದ ನಂದಿಯನ್ನ ನೋಡುತ್ತಾ ಮಲಗೋದು ಇಕ್ಕೇರಿಯ ಮಗಳ ಕೈಲಿ ಆಗಲಿಲ್ಲ. ಕರೆದರೆ ಮನೆಯಲ್ಲಿ ಯಾರೂ ಇಲ್ಲ. ಎದ್ದೇ ಬಿಟ್ಟಿದ್ದಾರೆ.

ಆ ಡಾಕ್ಟರು, ಆ ರಕ್ಷಾ, ನಾನು, ಯಾರೂ ಮಾಡದ್ದನ್ನ ಒಂದು ಪ್ಲಾಸ್ಟಿಕ್ ಬಸವ ಮಾಡಿತ್ತು. ಸಂಜೆ ಇವರು ಬಂದಾಗ ಅಡಿಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದೆ. ಇವರ ಕಣ್ಣಲ್ಲಿ ನೀರು.

"ಬಾಯಿ ಮುಚ್ಕೊಂಡಿರಿ" ಅಂದೆ. "ಹೊಗಳೋಕೆ ಹೋದ್ರೆ ನಾಳೆ ಏಳಲ್ಲ ಅವರು."

ಮಾರನೇ ದಿನ ಹೊರಡೋ ಮುಂಚೆ ನಂದಿಯನ್ನ ನಾನೇ ಮೆಲ್ಲಗೆ ಸೊಟ್ಟ ಮಾಡಿ ಇಟ್ಟು ಹೋದೆ. ಮಧ್ಯಾಹ್ನ ಬಂದರೆ ನಂದಿ ನೆಟ್ಟಗಿತ್ತು. ಅದರ ಮುಂದೆ ಒಂದು ದಾಸವಾಳ, ಹಣೆಗೆ ಕುಂಕುಮ. ನಮ್ಮ ದಾಸವಾಳದ ಗಿಡ ಇರೋದು ಅಂಗಳದ ಆಚೆ ತುದಿಯಲ್ಲಿ! ನಾನು ಅಡಿಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ಆಮೇಲೆ ದಿನಾ ಅದೇ ಕೆಲಸ. ನಾನು ತಿರುಗಿಸೋದು, ಅವರು ಸರಿ ಮಾಡೋದು.

*

ಆದರೆ ಒಂದು ಆಗುವಾಗ ಇನ್ನೊಂದೂ ಆಗುತ್ತಲ್ಲ. ಹೂವಾಯ್ತು, ಕುಂಕುಮ ಆಯ್ತು, ಊದಿನಕಡ್ಡಿ ಬಂತು, ಗಂಟೆ ಬಂತು. ಹದಿನೈದು ದಿನದಲ್ಲಿ ಮೇಜು ಪೂರಾ ಮಡಿ. ಒಂದು ಸಂಜೆ ಇವರು ಅಭ್ಯಾಸಬಲದಿಂದ ಕಾಫಿ ಲೋಟ ಮೇಜಿನ ಮೂಲೆಯಲ್ಲಿ ಇಟ್ಟರು.

"ಎಂತ ಮಾಡ್ತೆ ನೀನು? ತೆಗಿ ಆ ಎಂಜಲು ಲೋಟ! ದೇವಸ್ಥಾನದ ಅಂಗಳ ಅದು!"

"ಆಯಿ, ಇದು ಊಟದ ಮೇಜು."

"ಆಗಿತ್ತು."

ಅಲ್ಲಿಂದ ನಮ್ಮ ಊಟ ಅಡಿಗೆಮನೆ ನೆಲದ ಮೇಲೆ. ಶಿಖರ ಕಟ್ಟೋದು ಬಾಕಿ ಇತ್ತಲ್ಲ, ಅದಕ್ಕೆ ಇಟ್ಟಿಗೆ ಮುಟ್ಟೋ ಮುಂಚೆ ಇವರು ಸ್ನಾನ ಮಾಡಬೇಕು.

"ಮಿಂದ್ಕಂಡು ಮುಟ್ಟು."

"ಬೆಳಿಗ್ಗೆ ಮಿಂದಿದ್ನಲೆ ಆಯಿ."

"ಆಮೇಲೆ ಆಫೀಸಿಗೆ ಹೋಗಿ ಎಂತೆಂತ ಮುಟ್ಟಿಕ್ಕೆ ಬೈಂದ್ಯ. ಮಿಂದ್ಕಂಡು ಬಾ."

ಪಂಚೆ ಉಟ್ಟು, ಒದ್ದೆ ತಲೆಯಲ್ಲಿ, ನಡುಗುತ್ತಾ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸೋ ಸರ್ವೆಯರ್ ಸಾಹೇಬರನ್ನ ನೋಡೋಕೆ ಎರಡು ಕಣ್ಣು ಸಾಲದು. ಅಂತೂ ಶಿಖರ ಮುಗಿಸಿ ಕಲಶ ಕೂರಿಸಿದರು. ಅತ್ತೆ ಆಗಲೇ ಬಚ್ಚಲಿಗೆ ಒಬ್ಬರೇ ಹೋಗುತ್ತಿದ್ದರು. ಸಾರು ಬಡಿಸಿದರೆ "ಉಪ್ಪು ಕಮ್ಮಿ" ಅಂದರು. ಅಬ್ಬ, ಆ ಮಾತು ಕೇಳಿ ಎಷ್ಟು ಖುಷಿಯಾಯ್ತು ಅಂದರೆ, ಉಪ್ಪಿನ ಡಬ್ಬಿಯನ್ನೇ ತಂದು ಮುಂದಿಟ್ಟೆ.

ಅಷ್ಟರಲ್ಲಿ ಸಿಂಚನಾ ಬಂದಳು. ಬಿ.ಎಡ್. ಪರೀಕ್ಷೆ ಮುಗಿಸಿ, ಶಿವಮೊಗ್ಗದ ಹಾಸ್ಟೆಲ್ ಖಾಲಿ ಮಾಡಿಕೊಂಡು ಬಂದಿದ್ದಳು. ಅಜ್ಜಿ ಬಾಗಿಲಿಗೆ ನಡೆದು ಬಂದಿದ್ದು ನೋಡಿ ಕುಣಿದಳು. ಮೇಜು ನೋಡಿ ಮೊದಲು ನಕ್ಕಳು. ರಾತ್ರಿ ಊಟಕ್ಕೆ ನೆಲದ ಮೇಲೆ ಕೂತಾಗ ಹೇಳಿದಳು:

"ಅಪ್ಪ, ತೀರ್ಥಹಳ್ಳಿಯಲ್ಲಿ ಮಕ್ಕಳ ಬೇಸಿಗೆ ಶಿಬಿರ ಇದೆ. ಬ್ಲಾಕ್ಸಲ್ಲಿ ಕಟ್ಟಡ ಕಟ್ಟೋದು ಹೇಳ್ಕೊಡೋಕೆ ನನ್ನನ್ನ ಕರೆದಿದ್ದಾರೆ. ಚೆನ್ನಾಗಾದ್ರೆ ಜೂನ್‌ನಿಂದ ಅವರ ಶಾಲೆಯಲ್ಲೇ ಕೆಲಸ. ಒಪ್ಕೊಂಡಿದ್ದೀನಿ."

"ಭೇಷ್!" ಅಂದರು ಇವರು.

"ಬ್ಲಾಕ್ಸ್ ನಮ್ಮನೆಯಿಂದನೇ ತರ್ತೀನಿ ಅಂದಿದ್ದೀನಿ. ಎರಡೂ ಬಕೆಟ್."

ಇವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅತ್ತೆ ಬೇಗ ಉಂಡು ಮಲಗಿದ್ದರು, ಪುಣ್ಯ.

"ಬಕೆಟ್ ಖಾಲಿ ಇದೆಯಲ್ಲೇ" ಅಂದೆ. "ಎಲ್ಲಾ ಮೇಜಿನ ಮೇಲಿದೆ."

"ಗೊತ್ತು. ಯಾವಾಗಲೂ ಬಿಚ್ಚಲ್ವಾ ಅಪ್ಪ? ಫೋಟೊ ಹೊಡೆದಾಯ್ತಲ್ಲ?"

"ಅಜ್ಜಿ ಪೂಜೆ ಮಾಡ್ತಿದ್ದಾರೆ ಕಣೇ. ದೇವರನ್ನ ಬಕೆಟ್ಟಿಗೆ ಹಾಕ್ತೀಯ?"

"ನನಗೇನು ಗೊತ್ತಿತ್ತಮ್ಮ! ನೀವು ಫೋನಲ್ಲಿ ಅಜ್ಜಿ ನಡೀತಿದ್ದಾರೆ ಅಂದ್ರಿ, ಯಾಕೆ ನಡೀತಿದ್ದಾರೆ ಅಂತ ಹೇಳಿದ್ರಾ?"

ಅದೂ ಹೌದು. ಹೊಗಳಿದರೆ ಕೆಡುತ್ತೆ ಅಂತ ನಾನೇ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

"ಬೇರೆ ತರಿಸಿದ್ರಾಯ್ತು" ಅಂದರು ಇವರು.

"ಅಷ್ಟೊಂದನ್ನ? ಇನ್ನು ನಾಲ್ಕು ದಿನಕ್ಕೆ ಶಿಬಿರ. ಬರೋದು ಯಾವಾಗ ಅದು?"

"ಹಂಗಾದ್ರೆ ಹೋಗಬೇಡ!" ಅಂದೆ. ಬಾಯಿಂದ ಬಂದೇ ಹೋಯ್ತು. "ಶಿಬಿರ ಇನ್ನೊಂದು ಬರುತ್ತೆ. ಅವರು ಮತ್ತೆ ಹಾಸಿಗೆ ಹಿಡಿದ್ರೆ ಏನೇ ಮಾಡಲಿ ನಾನು? ನಿನಗೇನು, ನೀನು ಹಾಸ್ಟೆಲಲ್ಲಿ ಇದ್ದೆ. ನೋಡಿದ್ದು ನಾನು."

ಮಗಳು ಎದ್ದು ಹೋದಳು. ತಟ್ಟೆಯಲ್ಲಿ ಮಜ್ಜಿಗೆ ಅನ್ನ ಅರ್ಧ ಹಾಗೇ. ಅವಳ ಮೊದಲನೇ ಕೆಲಸ. ಹೆತ್ತವಳೇ ಅಡ್ಡ ನಿಂತ ಹಾಗಾಯ್ತಲ್ಲ ಅಂತ ಸಂಕಟ. ಆದರೂ ಮಾತು ವಾಪಸು ತೆಗೆದುಕೊಳ್ಳಲಿಲ್ಲ ನಾನು.

*

ಮಾರನೇ ದಿನ ಸೊಸೈಟಿಯಿಂದಲೇ ಸುಬ್ಬಕೃಷ್ಣ ಮಾವನಿಗೆ ಫೋನ್ ಮಾಡಿದೆ. ಅತ್ತೆಯ ತಮ್ಮ. ಹುಂಚದ ಹತ್ತಿರ ಇದ್ದಾರೆ, ಪೌರೋಹಿತ್ಯ ಮಾಡ್ತಾರೆ. ಎಲ್ಲ ಕೇಳಿ ಫೋನಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಾವ, ನಗಬೇಡಿ. ಪ್ಲಾಸ್ಟಿಕ್ಕಿಗೆಲ್ಲ ದೇವರು ಬರಲ್ಲ ಅಂತ ನೀವೊಂದು ಮಾತು ಹೇಳಿದ್ರೆ..."

"ಹಂಗೆ ಹೇಳಲೆ ಬತ್ತಿಲ್ಲೆ ಮಾರಾಯ್ತಿ. ಅಕ್ಕ ಎಂತ ಮಾಡಿದ್ದು ಹೇಳಿ ನೋಡಕ್ಕು. ಆನೇ ಬತ್ತಿ ತಡಿ."

ಶುಕ್ರವಾರ ಬೆಳಿಗ್ಗಿನ ಬಸ್ಸಿಗೇ ಬಂದರು. ಸ್ನಾನ ಮಾಡಿ, ಮೇಜಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, "ಲಾಯ್ಕ ಕಟ್ಟಿದ್ದ ಮಾಣಿ" ಅಂದರು. ಇವರು ಐವತ್ತರ ಹತ್ತಿರ ಬಂದವರು ಸಣ್ಣ ಹುಡುಗನ ಹಾಗೇ ನಾಚಿಕೊಂಡರು. ಆಮೇಲೆ ಮಾವ ಕುರ್ಚಿ ಎಳೆದು ಅಕ್ಕನ ಎದುರು ಕೂತರು.

"ಅಕ್ಕ, ಬರೀ ಹೂಗು ಇಟ್ಟು ಕೈ ಮುಗಿದದ್ದಾ? ಅಥವಾ ಆವಾಹನೆ ಮಾಡಿದ್ಯಾ?"

"ಮಾಡಿದ್ದಿ."

"ಯಾವುದರಲ್ಲಿ?"

"ಅಡಿಕೆಲಿ. ಮತ್ತೆಂತರಲ್ಲಿ ಮಾಡ್ತ?"

ನಮ್ಮ ಕಡೆ ಮೂರ್ತಿ ಇಲ್ಲದಿದ್ದರೆ ಒಂದು ಅಡಿಕೆ ಇಟ್ಟು ಅದರಲ್ಲೇ ದೇವರನ್ನ ಕರೆಯೋದು ಉಂಟು. ಕರೆದ ಮೇಲೆ ಅದು ಅಡಿಕೆ ಅಲ್ಲ. ಕಳಿಸೋ ತನಕ ದೇವರೇ.

"ಆ ಅಡಿಕೆ ಎಲ್ಲಿದ್ದು?"

"ಗರ್ಭಗುಡಿಲಿ."

"ಒಳಗೆ ಎಂತದೂ ಇಲ್ಲೆ ಆಯಿ" ಅಂದರು ಇವರು. "ಆನೇ ಕಟ್ಟಿದ್ದಲ್ದಾ?"

"ನೀನು ಕಟ್ಟಿದ್ದು ಗೋಡೆ" ಅಂದರು ಅತ್ತೆ. "ಶಿಖರ ಮುಚ್ಚದಕ್ಕೆ ಮುಂಚೆನೇ ಆನು ದೇವರನ್ನ ಕೂರ್ಸಿದ್ದಿ. ನೀನು ನೋಡದ್ದೇ ಮೇಲಿಂದ ಶಿಖರ ಕಟ್ಟಿದೆ."

ಸಿಂಚನಾ ಮೊಬೈಲ್ ಟಾರ್ಚ್ ಹಾಕಿ ಗರ್ಭಗುಡಿಯ ಕಿರುಬಾಗಿಲಿನಲ್ಲಿ ಒಂದು ಕಣ್ಣಿಟ್ಟು ನೋಡಿದಳು. "ಇದೆ ಅಪ್ಪ! ಕುಂಕುಮ ಹಚ್ಚಿದ ಅಡಿಕೆ!" ಇವರು ಮೇಜಿನ ಅಂಚು ಹಿಡಿದುಕೊಂಡು ನಿಂತುಬಿಟ್ಟರು. ಜೀವಮಾನದಲ್ಲಿ ಒಂದು ಗೇಣು ಗಡಿ ತಪ್ಪದ ಮನುಷ್ಯ, ದೇವರನ್ನೇ ಒಳಗಿಟ್ಟು ಬೀಗ ಹಾಕಿದ್ದರು.

"ಇನ್ನು ನಾನಂತೂ ಮುಟ್ಟಲ್ಲ" ಅಂದರು. "ಶಿಖರಕ್ಕೆ ಕೈ ಹಾಕೋ ಧೈರ್ಯ ನನಗಿಲ್ಲ."

ಮಾವ ಹೇಳಿದರು, "ಇದರಲ್ಲಿ ಹೆದರುವಂಥದ್ದು ಎಂತದೂ ಇಲ್ಲೆ. ದೊಡ್ಡ ದೊಡ್ಡ ದೇವಸ್ಥಾನದ ಜೀರ್ಣೋದ್ಧಾರ ಮಾಡಕಾರೆ ದೇವ್ರನ್ನ ಕಲಶಕ್ಕೆ ಇಳಿಸ್ತ್ವಿಲ್ಯಾ? ಚೌತಿ ಗಣಪತಿನ ಕಳಿಸ್ತ್ವಿಲ್ಯಾ? ಮೊಸರನ್ನ ನೈವೇದ್ಯ ಮಾಡಿ ಉದ್ವಾಸನೆ ಮಾಡಿ ಕಳಿಸಿರೆ ಆತು. ಆದ್ರೆ ಅದು ಅಕ್ಕ ಮನಸ್ಸು ಮಾಡಿ ಹೇಳಕ್ಕು. ಕರೆದದ್ದು ಅಕ್ಕ. ಎಂಗೊ ಯಾರೂ ಅಲ್ಲ."

ಎಲ್ಲರೂ ಅತ್ತೆಯ ಮುಖ ನೋಡಿದೆವು. ಯಾಕೆ, ಏನು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಸಿಂಚನಾಳೇ ಬಾಯಿಬಿಟ್ಟಳು.

"ಬ್ಯಾಡ ಅಜ್ಜಿ. ಬಿಡು. ಆನು ಆ ಶಿಬಿರಕ್ಕೆ ಬತ್ನಿಲ್ಲೆ ಹೇಳಿ ಫೋನ್ ಮಾಡ್ತಿ."

"ಯಾವ ಶಿಬಿರ?"

ಹೇಳಿದಳು. ತೀರ್ಥಹಳ್ಳಿ, ಮಕ್ಕಳು, ಕೆಲಸ, ಬಕೆಟ್, ಎಲ್ಲಾ.

"ಮಾತು ಕೊಟ್ಟಿಕ್ಕೆ ಈಗ ಇಲ್ಲೆ ಹೇಳದಾ? ಆ ಮಕ್ಕ ಕಾಯ್ತಿರ್ತ್ವಿಲ್ಯನೆ ಕೂಸೆ?" ಅಂದರು ಅತ್ತೆ. "ಎನಗೆ ಎಂತಕ್ಕೆ ಯಾರೂ ಹೇಳಿದ್ದಿಲ್ಲೆ? ಆನೇನು ಗೋಡೆಯಾ?" ನನ್ನ ಕಡೆ ತಿರುಗಿದರು. "ತೃಪ್ತಿ, ಮೊಸರನ್ನ ಕಲಸು."

ನಾನು ಕದಲಲಿಲ್ಲ.

"ಕೇಳಿದ್ದಿಲ್ಯಾ?"

"ಕೇಳಿತು ಅತ್ತೆ. ಕಲಸಲ್ಲ." ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. "ಇದನ್ನ ಬಿಚ್ಚಿದ ಮೇಲೆ ನೀವು ಮತ್ತೆ ಮಲಗಿಬಿಟ್ರೆ? ನಿಮ್ಮನ್ನ ಹಂಗೆ ನೋಡೋಕೆ ಇನ್ನೊಂದು ಸಲ ನನ್ನ ಕೈಲಿ ಆಗಲ್ಲ. ಕೆಲಸ ಹೆಚ್ಚು ಅಂತಲ್ಲ. ನೀವು ಬೈಯೋದಿಲ್ಲವಲ್ಲ, ಅದು ತಡೆಯೋಕಾಗಲ್ಲ ನನಗೆ."

ಮಾವ ಕೆಮ್ಮಿದರು.

"ಅದಕ್ಕಾ" ಅಂದರು ಅತ್ತೆ, "ದಿನಾ ನಂದಿನ ತಿರುಗ್ಸಿಡ್ತಿದ್ದೆ ನೀನು?"

ಇವರು ನನ್ನನ್ನ ನೋಡಿದರು, ಸಿಂಚನಾ ನೋಡಿದಳು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

"ಗೊತ್ತಿತ್ತಾ ನಿಮಗೆ?"

"ಪ್ಲಾಸ್ಟಿಕ್ ನಂದಿ ತನ್ನಷ್ಟಕ್ಕೆ ತಿರುಗ್ತು ಹೇಳಿ ನಂಬಲೆ ಆನು ಅಷ್ಟು ಮಳ್ಳಾ? ಹೋಗು, ಮೊಸರನ್ನ ಕಲಸು. ಉಪ್ಪು ಸರಿ ಹಾಕು."

ಕಲಸಿದೆ. ಇನ್ನೇನು ಮಾಡಲಿ?

ಮಾವ ಮಂತ್ರ ಹೇಳಿದರು, ಅತ್ತೆ ಅಕ್ಷತೆ ಹಾಕಿದರು. ಬಿಚ್ಚೋಕೆ ಯಾರನ್ನೂ ಹತ್ತಿರ ಬಿಡಲಿಲ್ಲ. "ಆನೇ ಕರೆದದ್ದು, ಆನೇ ಕಳಿಸಕ್ಕು" ಅಂದು ತಾವೇ ನಿಂತರು. ಮೊದಲು ಕಲಶ ತೆಗೆದರು. ಆಮೇಲೆ ಶಿಖರದ ಒಂದೊಂದೇ ಇಟ್ಟಿಗೆ. ಉಗುರು ಹಾಕಿ ಎಬ್ಬಿಸಿ, ಕೈಯಲ್ಲಿ ಹಿಡಿದು, ಸಿಂಚನಾ ಹಿಡಿದ ಬಕೆಟ್ಟಿಗೆ ಶಬ್ದ ಆಗದ ಹಾಗೆ ಇಳಿಸೋರು. ಗಟ್ಟಿ ಕೂತದ್ದನ್ನ ಎರಡು ಕೈಯಲ್ಲಿ ಎಳೆಯೋರು. ಅಡಿಕೆ ಸಿಕ್ಕಿತು. ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಹರಿವ ನೀರಿಗೆ ಬಿಡನ ಕೊಡು ಅಕ್ಕ" ಅಂದರೆ ಮಾವನಿಗೂ ಕೊಡಲಿಲ್ಲ. ಇಷ್ಟೆಲ್ಲ ಆಗುವಾಗ ಅವರು ಏನನ್ನೂ ಹಿಡಿದುಕೊಂಡು ನಿಂತಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಕೊನೆಗೆ ಬೆವರಿಬಿಟ್ಟಿದ್ದರು. "ಸಾಕು, ಉಳಿದದ್ದು ನೀನು ಬಿಚ್ಚು" ಅಂತ ಮಗನಿಗೆ ಹೇಳಿ ಕೋಣೆಗೆ ಹೋಗಿ ಮಲಗಿದರು.

*

ಶನಿವಾರ ಏಳಲಿಲ್ಲ.

ಸಿಂಚನಾ ಬಕೆಟ್ ಹೊತ್ತುಕೊಂಡು ತೀರ್ಥಹಳ್ಳಿ ಬಸ್ಸಿಗೆ ಹೋಗುವಾಗ ಅಜ್ಜಿಯ ಕಾಲು ಮುಟ್ಟಿದಳು. "ಲಾಯ್ಕ ಹೇಳ್ಕೊಡು" ಅಂದರು ಅತ್ತೆ, ಮಲಗಿದಲ್ಲಿಂದಲೇ. ರಕ್ಷಾ ಬಂದಳು. "ಇವತ್ತು ಬ್ಯಾಡ ತಂಗಿ." ಗಂಜಿ ಮಂಚಕ್ಕೇ ಹೋಯ್ತು. ಮೇಜು ಖಾಲಿ ಬಿದ್ದಿತ್ತು. ನಾವಿಬ್ಬರೂ ಅಡಿಗೆಮನೆ ನೆಲದ ಮೇಲೇ ಉಂಡೆವು; ಅಲ್ಲಿ ಹೋಗಿ ಕೂರೋಕೆ ಮನಸ್ಸೇ ಬರಲಿಲ್ಲ.

ಭಾನುವಾರವೂ ಅದೇ.

"ನೋಡಿದ್ರಾ?" ಅಂದೆ ಇವರಿಗೆ. "ನಾನು ಹೇಳಲಿಲ್ವಾ?"

"ಇನ್ನೊಂದು ಕಟ್ಟೋಣ ಬಿಡು. ಇಟ್ಟಿಗೆ ತರಿಸ್ತೀನಿ."

"ಆ ಹೊತ್ತಿಗೆ ಅವರ ಕಾಲು ಕಟ್ಟಿಗೆ ಆಗಿರುತ್ತೆ!"

"ನನ್ನ ಮೇಲೆ ಯಾಕೆ ಕೂಗ್ತೀಯ? ನಾನೇನು ಮಾಡಿದೆ?"

"ಕಟ್ಟಿದ್ರಿ!"

ಇವರು ಎದ್ದು ಅಂಗಳಕ್ಕೆ ಹೋದರು. ಸಿಂಚನಾ ಮೂರು ಸಲ ಫೋನ್ ಮಾಡಿದಳು. "ಅಜ್ಜಿ ಎದ್ರಾ ಅಮ್ಮ?" ಎದ್ದಿದ್ದಾರೆ ಅಂತ ಒಂದು ಸಲ ಸುಳ್ಳೂ ಹೇಳಿದೆ. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಹೋಗಿ ನಲ್ಲಿ ಜೋರು ಬಿಟ್ಟು ಅತ್ತುಬಿಟ್ಟೆ.

ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೋಣೆಗೆ ಹೋದೆ. ಮಂಚ ಖಾಲಿ. ಹೊದಿಕೆ ಮಡಿಸಿಟ್ಟಿದೆ. ವಾಕರ್ ಇದೆ, ಅತ್ತೆ ಇಲ್ಲ. ಬಚ್ಚಲಲ್ಲಿ ಬಿದ್ದರಾ ಅಂತ ಓಡಿದೆ. ಇಲ್ಲ. ದೇವರ ಕೋಣೆ, ಹಿತ್ತಿಲು, ಎಲ್ಲೂ ಇಲ್ಲ. ಇವರು ಬಾಯಲ್ಲಿ ಬ್ರಶ್ ಇಟ್ಟುಕೊಂಡು "ಏನಾಯ್ತು?" ಅಂದರೆ ಉತ್ತರ ಕೊಡೋಕೂ ಉಸಿರಿಲ್ಲ. ಅಂಗಳಕ್ಕೆ ಬಂದರೆ ಗೇಟು ತೆರೆದಿದೆ.

ಉಟ್ಟ ನೈಟಿಯಲ್ಲೇ, ಕೆದರಿದ ತಲೆಯಲ್ಲೇ ರಸ್ತೆಗೆ ಓಡಿದೆ. ನಮ್ಮ ರಸ್ತೆಯ ತುದಿಯಲ್ಲಿ ಆಟೋ ನಿಲ್ಲಿಸ್ತಾರೆ. ಅಲ್ಲಿ ದುರ್ಗೇಶನ ಆಟೋದಲ್ಲಿ, ಜರಿಯಂಚಿನ ಸೀರೆ ಉಟ್ಟು, ಮಡಿಲಲ್ಲಿ ಒಂದು ಕವರ್ ತುಂಬ ದಾಸವಾಳ, ಪಕ್ಕದಲ್ಲಿ ಇವರ ಉದ್ದ ಹಿಡಿಯ ಛತ್ರಿ, ನಮ್ಮತ್ತೆ ಕೂತಿದ್ದಾರೆ! ಕೂತು ಜಗಳ ಆಡ್ತಿದ್ದಾರೆ.

"ಅಕ್ಕಾ, ಬಂದ್ರಾ? ದೇವ್ರು ಬಂದಂಗೆ ಬಂದ್ರಿ" ಅಂದ ದುರ್ಗೇಶ. "ಇಕ್ಕೇರಿಗೆ ಹೋಗ್ಬೇಕಂತೆ. ಒಬ್ರನ್ನೇ ಕರ್ಕೊಂಡು ಹೋಗಲ್ಲ ಅಂದ್ರೆ ನನ್ನ ಅಪ್ಪನ ಹೆಸರು ಹಿಡಿದು ಬೈತಿದ್ದಾರೆ."

"ಅತ್ತೆ, ಇದೇನಿದು! ಒಬ್ರೇ ಇಲ್ಲೀತನಕ... ಎರಡು ದಿನ ಎದ್ದಿಲ್ಲ ನೀವು!"

"ಅಷ್ಟೊತ್ತು ನಿಂತ್ಕಂಡು ಬಿಚ್ಚಿದ್ದಕ್ಕೆ ಸೊಂಟ ಹಿಡ್ಕಂಡಿತ್ತು. ಮಲಗದ್ದೇ ಎಂತ ಮಾಡಕ್ಕಾಗಿತ್ತು? ಸೋಮವಾರ ಬರಲಿ ಹೇಳಿ ಕಾದಿ." ಸೆರಗಿನ ಗಂಟು ಮುಟ್ಟಿ ತೋರಿಸಿದರು. "ಇವನ್ನ ಇವನ ಮನೆಗೆ ಬಿಟ್ಟಿಕ್ಕೆ ಬರಕ್ಕು. ನೀರಿಗೆ ಎಂತಕ್ಕೆ ಬಿಡದು, ಮನೆ ಇಲ್ಲೇ ಹತ್ತಿರ ಇರಕಾರೆ?"

ನನಗೆ ಅಳು ಬಂತು, ನಗುವೂ ಬಂತು. ಯಾವುದು ಮೊದಲು ಅಂತ ಗೊತ್ತಾಗಲಿಲ್ಲ. ಹತ್ತಿ ಅವರ ಪಕ್ಕ ಕೂತೆ. ಅವರ ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ. ದುರ್ಗೇಶ ಆಟೋ ಶುರು ಮಾಡಿದ. ಅತ್ತೆ ಆಗ ನನ್ನನ್ನ ಸರಿಯಾಗಿ ನೋಡಿದರು, ಅಡಿಯಿಂದ ಮುಡಿವರೆಗೆ.

"ಥೋ! ಮೀಯದ್ದೇ, ನೈಟಿಲಿ ದೇವಸ್ಥಾನಕ್ಕೆ ಹೊರಟಿದ್ಯಾ? ನಾಚಿಕೆ ಇಲ್ಲೆ! ಒಳಗೆ ಬಪ್ಪಲಿಲ್ಲೆ ನೀನು. ಹೊರಗೇ ಕೂರಕ್ಕು."

"ಕೂರ್ತೀನಿ ಅತ್ತೆ" ಅಂದೆ. "ನೀವು ನಡ್ಕೊಂಡು ಒಳಗೆ ಹೋಗಿ ನಡ್ಕೊಂಡು ಹೊರಗೆ ಬರೋ ತನಕ, ಎಷ್ಟು ಹೊತ್ತು ಬೇಕಾದ್ರೂ ಕೂರ್ತೀನಿ."